ಸಾಹೇಬನ ಚೆಂಡು, ನನ್ನ ತಮ್ಮನ ಕುತ್ತಿಗೆ

ದುಬೈಗೆ ಹೋಗಿ ಬಂದವರನ್ನು ನಮ್ಮ ಓಣಿಯವರು ಕೇಳುವುದು ಎರಡೇ ಮಾತು. ಬಂಗಾರ ಎಷ್ಟು ತಂದಿ, ಎತ್ತರದ ಕಟ್ಟಡ ನೋಡಿದೆಯಾ. ಬಂಗಾರ ತರಲಿಲ್ಲ. ಕಟ್ಟಡ ನೋಡಿದೆ, ಕುತ್ತಿಗೆ ನೋಯಿತು, ಬಿಟ್ಟೆ. ಆ ದೇಶದಿಂದ ನನ್ನ ತಲೆಯಲ್ಲಿ ಉಳಿದು ಬಂದದ್ದು ಒಂದು ಚೆಂಡು. ಅದನ್ನೇ ಬರೆಯುತ್ತೇನೆ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ಒತ್ತು ದೀರ್ಘ ತಪ್ಪಿದರೆ ಓದುವವರೇ ಸರಿಮಾಡಿಕೊಳ್ಳಬೇಕು.

ಮೊದಲು ಯಾರು ಯಾರು ಎನ್ನುವುದನ್ನು ಹೇಳಿಬಿಡುತ್ತೇನೆ. ಮಲ್ಲೇಶಿ ನನ್ನ ಕಡೆಯ ತಮ್ಮ. ನಮ್ಮವ್ವ ಅವನನ್ನು ಹಡೆದು ವರ್ಷದೊಳಗೆ ಹೋದಳು. ಬೆಳೆಸಿದವಳು ನಾನು. ಮುಂದೆ ನನ್ನ ಮಗಳು ಕಸ್ತೂರಿಯನ್ನು ಅವನಿಗೇ ಕೊಟ್ಟೆ. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ರೂಢಿ. ಹೀಗಾಗಿ ಅವನು ತಮ್ಮನೂ ಹೌದು, ಅಳಿಯನೂ ಹೌದು. ಬೇರೆ ಅಳಿಯನಾಗಿದ್ದರೆ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಮಾತಾಡಬೇಕಿತ್ತು, ಇವನ ಮುಂದೆ ಆ ತ್ರಾಸಿಲ್ಲ. ಮದುವೆಗೆ ಮೊದಲು ಕೇಳಿದ್ದೆ, ಹುಡುಗಿ ಒಪ್ಪಿಗೆಯೇನೋ ಎಂದು. "ಅಕ್ಕ ಹೇಳಿದ್ಹಂಗ" ಅಂದಿದ್ದ. ಮುಂದೆ ಅಬುಧಾಬಿಯಲ್ಲಿ ಎಣ್ಣೆ ಕಂಪನಿಯೊಂದರಲ್ಲಿ ಎಂಜಿನಿಯರನಾದ. ಮೊಮ್ಮಗ ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಿದ್ದ. ಕಸ್ತೂರಿಯ ಪಿತ್ತಕೋಶದ ಕಲ್ಲು ತೆಗೆಸಿದ್ದರು, ಅಡುಗೆಗೆ ಜನ ಬೇಕಿತ್ತು. ವಿಜಿಟ್ ವೀಸಾ ಬಂತು. ಹೋದೆ.

ದುಬೈ, ವಿಮಾನ ಇಳಿದ ಮೇಲೆ

ಕಸ್ಟಮ್ಸಿನ ಸಾಹೇಬ ಬಿಳಿ ನಿಲುವಂಗಿ ತೊಟ್ಟವನು, ಗಡ್ಡ ನೀಟಾಗಿ ಕೆತ್ತಿಸಿದ್ದ. ನನ್ನ ಗಂಟು ಬಿಚ್ಚಿಸಿದ. ಜೋಳದ ಹಿಟ್ಟು ಬಿಟ್ಟ. ಶೇಂಗಾ ಚಟ್ನಿಪುಡಿಯ ಡಬ್ಬಿ ತೆರೆದು ಮೂಗಿನ ಹತ್ತಿರ ಹಿಡಿದ. ಬೇಡ ಎಂದು ನಾನು ಕೈ ಮಾಡುವುದರೊಳಗೆ ಉಸಿರೆಳೆದುಬಿಟ್ಟ. ಆಮೇಲೆ ಸೀನಿದ, ಮತ್ತೆ ಸೀನಿದ, ಕಣ್ಣೊರೆಸಿಕೊಂಡು "ಯಲ್ಲಾ, ಯಲ್ಲಾ" ಎಂದು ಕೈ ಬೀಸಿದ. ಹೊರಡು ಎನ್ನುವುದಕ್ಕೆ ಅವರು ಹಾಗನ್ನುತ್ತಾರೆ. ಡಬ್ಬಿ ಮುಚ್ಚಿಕೊಂಡು ಹೊರಟೆ.

ಹೊರಗೆ ಮಲ್ಲೇಶಿ ನಿಂತಿದ್ದ. ನೆತ್ತಿ ಕಾಣುತ್ತಿತ್ತು, ಹೊಟ್ಟೆ ಇರಲಿಲ್ಲ. ಕಾಲಿಗೆ ಬಿದ್ದ, ನನ್ನ ಸಾಮಾನಿನ ಗಾಡಿ ತಳ್ಳುತ್ತಾ ಮುಂದೆ ನಡೆದ. ನಡೆದನೇನು, ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನೋಡುವುದು.

"ಯಾಕಲೇ, ನಾ ಏನ್ ಎಮ್ಮಿ ಕರಾನ, ತಪ್ಪಿಸಿಕೊಳ್ಳಾಕ? ಮುಂದ ನೋಡು."

"ಇಲ್ಲಕ್ಕಾ, ಬರಾಕತ್ತೀಯೋ ಇಲ್ಲೋ ಅಂತ..."

ಅಷ್ಟರಲ್ಲಿ ಎದುರಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳ ಗಾಡಿಗೆ ಗುದ್ದಿದ. ಅವಳ ಚೀಲ ಉರುಳಿತು. ಇವನು ಆರಿಸಿಕೊಡುತ್ತಾ, ಅದರ ನಡುವೆಯೂ ನನ್ನ ಕಡೆ ನೋಡಿದ. ಈ ಕುತ್ತಿಗೆಯ ವಿಷಯ ಓದುವವರು ನೆನಪಿಟ್ಟುಕೊಳ್ಳಬೇಕು.

ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ

ಅವರ ಮನೆ ಎಲೆಕ್ಟ್ರಾ ಸ್ಟ್ರೀಟಿನ ಹಿಂಬದಿಗೆ. ಬೀದಿ ತುಂಬ ಟೀವಿ, ಟೇಪ್ ರೆಕಾರ್ಡರ್ ಅಂಗಡಿ. ಮನೆ ಸಣ್ಣದು, ತಂಪು ಹಚ್ಚುವ ಯಂತ್ರ ಹಗಲು ರಾತ್ರಿ ಗುಂಯ್‌ಗುಡುತ್ತದೆ. ಮರುದಿನ ಬೆಳಗ್ಗೆ ಎದ್ದು ರೊಟ್ಟಿ ಬಡಿಯಲು ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದರು. ಕಟ್ಟಡ ಕಾಯುವ ಪಠಾಣ. ಅಲ್ಲಿ ಅವರಿಗೆ ನಾತೂರ್ ಅನ್ನುತ್ತಾರೆ. ಕೆಳಗಿನ ಮನೆಯವರು ದೂರು ಹೇಳಿದ್ದಾರೆ, ಇಷ್ಟು ಬೆಳಗ್ಗೆ ಯಾರು ಗೋಡೆ ಒಡೆಯುತ್ತಿದ್ದೀರಿ ಎಂದ. ಒಳಗೆ ಕರೆದು ಹಿಟ್ಟು, ಕಲ್ಲು, ಹಂಚು ತೋರಿಸಿದೆ. ಬಿಸಿ ರೊಟ್ಟಿಗೆ ಬದನೆಕಾಯಿ ಎಣ್ಣೆಗಾಯಿ ಹಚ್ಚಿ ಕೊಟ್ಟೆ. ನಿಂತೇ ತಿಂದ. ಕೆಳಗಿನವರಿಗೆ ಏನು ಹೇಳಿದನೋ ಗೊತ್ತಿಲ್ಲ, ಆಮೇಲೆ ದೂರು ಬರಲಿಲ್ಲ. ಒಂದು ದಿನ ನಾನು ಮೈ ಸರಿಯಿಲ್ಲದೆ ಬಡಿಯಲಿಲ್ಲ, ಅವನೇ ಮೇಲೆ ಬಂದು ಯಾಕೆ ಸಪ್ಪಳವಿಲ್ಲ ಎಂದು ಕೇಳಿದ.

ಚೆಂಡಿನ ಮಾತು ಮೊದಲು ಎತ್ತಿದವಳು ಕಸ್ತೂರಿ. ಹಾಸಿಗೆಯಲ್ಲಿ ಒರಗಿಕೊಂಡು ಮೆಲ್ಲಗೆ ಹೇಳಿದಳು.

"ಅವ್ವಾ, ಮಾಮಾನ್ನ ಟೀಮಿನಿಂದ ತಗದು ಹಾಕ್ತಾರಂತ."

ಗಂಡನಾಗಿ ಇಷ್ಟು ವರ್ಷವಾದರೂ ಅವಳ ಬಾಯಲ್ಲಿ ಅವನು ಮಾಮಾನೇ.

"ಯಾವ ಟೀಮು?"

ಅವರ ಕಂಪನಿಯಲ್ಲಿ ಅಮೇರಿಕದ ಜನ ಬಹಳ. ಅವರದೊಂದು ಚೆಂಡಿನಾಟ ಉಂಟಂತೆ, ಫುಟ್‌ಬಾಲ್ ಎನ್ನುತ್ತಾರೆ, ಆದರೆ ಕಾಲಿನಿಂದ ಒದೆಯುವುದಿಲ್ಲ. ಶುಕ್ರವಾರ ರಜೆಯ ದಿನ ಆಡುತ್ತಾರೆ. ಇವನ ಮೇಲಿನ ಸಾಹೇಬನೇ ತಂಡದ ಯಜಮಾನ. ಓಡುವ ಕಾಲು ಎಂದು ಇವನನ್ನು ಸೇರಿಸಿಕೊಂಡಿದ್ದ. ಈಗ ಚೆಂಡು ಹಿಡಿಯುವುದಿಲ್ಲವೆಂದು ಸಿಟ್ಟು.

"ತಗೀಲಿ ಬಿಡು. ನಲವತ್ತು ದಾಟಿದವಗ ಚೆಂಡ್ಯಾಕ? ಶುಕ್ರವಾರ ಮನ್ಯಾಗ ಇದ್ದು ನಿನಗ ಗಂಜಿ ಕಾಸಿಕೊಡ್ಲಿ."

"ಹಂಗನಬ್ಯಾಡವ್ವಾ. ಆಫೀಸಿನಾಗ ಮಾಮಾ ಬಾಯಿ ತಗದದ್ದ ಯಾರೂ ಕೇಳಿಲ್ಲ. ಆ ಬಯಲಾಗ ಹೆಸರ ಹಿಡದು ಕರೀತಾರ. ಮಲ್ಲೇಶಿ ಅನ್ನಾಕ ಬರದ ಮ್ಯಾಲ್ ಅಂತಾರ. ವಾರಕ್ಕ ಒಂದ್ ದಿನ ನಕ್ಕೋತ ಮನೀಗೆ ಬರ್ತಿದ್ರು. ಈಗ ಅದೂ ಇಲ್ಲ."

ನೋಡಿ ಬರೋಣ ಎನ್ನಿಸಿತು.

ಶುಕ್ರವಾರದ ಬಯಲು

ಮರಳ ದೇಶದಲ್ಲಿ ನೀರು ಹಾಯಿಸಿ ಹಾಯಿಸಿ ಹುಲ್ಲು ಬೆಳೆಸಿದ ಬಯಲು. ನಮ್ಮಲ್ಲಾದರೆ ಅಷ್ಟು ಹುಲ್ಲಿಗೆ ನಾಲ್ಕು ಎಮ್ಮೆ ಕಟ್ಟುತ್ತಿದ್ದರು, ಇಲ್ಲಿ ಅದರ ಮೇಲೆ ಗಂಡಸರು ಓಡುತ್ತಾರೆ. ಅಮೇರಿಕದ ಹೆಂಗಸರು ಮಡಿಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ನನಗೂ ಒಂದು ಕೊಟ್ಟರು. ಒಬ್ಬಾಕೆ ನನ್ನ ಸೀರೆಯ ಅಂಚು ಹಿಡಿದು ನೋಡಿ ಏನೋ ಹೊಗಳಿದಳು. ನಾನು ಅವಳ ಅರ್ಧ ಚಡ್ಡಿಯನ್ನು ಹೊಗಳಲಿಲ್ಲ.

ನನ್ನ ಪಕ್ಕ ಹಮೀದ್ ಕೂತ. ಉಳ್ಳಾಲದ ಕಡೆಯ ಬ್ಯಾರಿ, ಕಂಪನಿಯ ವ್ಯಾನು ಓಡಿಸುತ್ತಾನೆ, ತಂಡವನ್ನು ಕರೆದೊಯ್ಯುವವನೂ ಅವನೇ. ಅವನ ಕನ್ನಡ ನನಗೆ, ನನ್ನ ಕನ್ನಡ ಅವನಿಗೆ ಅರ್ಧರ್ಧ ತಿಳಿಯುತ್ತಿತ್ತು.

ಚೆಂಡು ದುಂಡಗಿಲ್ಲ. ಸಿಪ್ಪೆ ಸುಲಿಯದ ತೆಂಗಿನಕಾಯಿಯಂತೆ ಎರಡೂ ತುದಿ ಚೂಪು. ಎಲ್ಲರ ಸೊಂಟಕ್ಕೂ ಎರಡು ಬಟ್ಟೆಯ ಪಟ್ಟಿ ಸಿಕ್ಕಿಸಿರುತ್ತಾರೆ. ಚೆಂಡು ಹಿಡಿದವನ ಪಟ್ಟಿ ಕಿತ್ತರೆ ಅಲ್ಲಿಗೆ ಖಲಾಸ್. ಆಡುವ ಮೊದಲು ತಲೆಗೆ ತಲೆ ಹಚ್ಚಿ ಗುಸುಗುಸು ಮಾಡುತ್ತಾರೆ, ಹಿತ್ತಲಲ್ಲಿ ಸೊಸೆಯರು ಅತ್ತೆಯ ಮಾತಾಡಿದ ಹಾಗೆ. ಆಮೇಲೆ ಒಬ್ಬ ಬಗ್ಗಿ ತನ್ನ ಕಾಲಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಹಾಗೆ ಕೊಟ್ಟದ್ದನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ಸಾಹೇಬ ಎರಡೂ ಕೈಯಿಂದ ಈಸಿಕೊಂಡ. ಕೆಂಪು ಮೋರೆಯ ದೊಡ್ಡ ಆಳು, ಬೋಳುತಲೆಗೆ ಟೋಪಿ.

"ಮಲ್ಲೇಶಣ್ಣ ಅಲ್ಲಿ ಅಂಚಿನಲ್ಲಿ ನಿಂತಿದ್ದಾರಲ್ಲ ಅಮ್ಮ, ಅದಕ್ಕೆ ವೈಡ್ ರಿಸೀವರ್ ಅಂತ ಹೇಳ್ತಾರೆ," ಎಂದ ಹಮೀದ್. "ಓಡಿ ಹೋಗಿ ಚೆಂಡು ಹಿಡಿಯೂದು ಅವ್ರ ಕೆಲಸ."

ಮಲ್ಲೇಶಿ ಓಡಿದ. ಚೆನ್ನಾಗಿಯೇ ಓಡಿದ. ಒಂದಿಷ್ಟು ದೂರ ಹೋಗಿ ತಲೆ ಹಿಂದಕ್ಕೆ ಹೊರಳಿಸಿ ಸಾಹೇಬನನ್ನು ನೋಡಿದ. ಸಾಹೇಬ ಚೆಂಡು ಎತ್ತಿದವನು ತಡೆದ. ಇವನು ಮತ್ತೆ ಓಡಿದ, ಮತ್ತೆ ನೋಡಿದ. ಸಾಹೇಬ ಎಸೆಯುವ ಹೊತ್ತಿಗೆ ಎದುರು ತಂಡದವನು ಇವನ ಮೈಮೇಲೇ ಬಂದಿದ್ದ. ಚೆಂಡು ಕೈಗೆ ಬಡಿದು ನೆಲಕ್ಕೆ ಬಿತ್ತು. ಮುಂದಿನ ಸಲವೂ ಅದೇ. ಅದರ ಮುಂದಿನ ಸಲವೂ ಅದೇ. ಸಾಹೇಬ ಟೋಪಿ ತೆಗೆದು ತೊಡೆಗೆ ಬಡಿದುಕೊಂಡ. ಮಲ್ಲೇಶಿ ಅವನ ಮುಂದೆ ಎರಡೂ ಕೈ ಮುಂದಕ್ಕೆ ಕಟ್ಟಿಕೊಂಡು ನಿಂತಿದ್ದ. ಅವನು ಸಾಲಿಯಲ್ಲಿ ಮಾಸ್ತರರ ಮುಂದೆ ಹಾಗೇ ನಿಲ್ಲುತ್ತಿದ್ದ. ನನ್ನ ಮುಂದೆಯೂ.

ನೈಫ್

ವಾರದ ನಡುವೆ ಕಂಪನಿಯ ಕೆಲಸಕ್ಕೆ ಹಮೀದನ ವ್ಯಾನು ದುಬೈಗೆ ಹೊರಟಿತ್ತು. ಮಲ್ಲೇಶಿ ರಜೆ ಹಾಕಿ ನನ್ನನ್ನೂ ಕೂರಿಸಿಕೊಂಡ. ನೈಫ್ ಎಂಬಲ್ಲಿ ಸಂದಿಗೊಂದಿ ತುಂಬ ಅಂಗಡಿ. ನಮ್ಮ ಹುಬ್ಬಳ್ಳಿಯ ದುರ್ಗದ ಬಯಲಿನ ಹಾಗೆಯೇ, ಆದರೆ ಯಾರೂ ಉಗುಳುವುದಿಲ್ಲ. ಚೆಂಡು ಜಾರದಂಥ ಕೈಗವಸು ಕೊಳ್ಳಬೇಕೆಂದು ಇವನ ಹಟ. ದೋಷ ಕೈಯದು ಎಂದು ಅವನ ಎಣಿಕೆ. ಅಂಗಡಿಯವನು ಕಪ್ಪು, ಕೆಂಪು ಎರಡು ಜೊತೆ ಇಟ್ಟ. ಇವನು ಒಂದು ಹಾಕಿ ತೆಗೆದ, ಇನ್ನೊಂದು ಹಾಕಿ ತೆಗೆದ. ಕಡೆಗೆ ಕಿಸೆಯಿಂದ ಮೊಬೈಲ್ ತೆಗೆದ. ಆಗ ಅದು ಹೊಸದು, ಇಟ್ಟಂಗಿಯಷ್ಟು ದಪ್ಪ.

"ಯಾರಿಗಲೇ?"

"ಸಾಹೇಬರನ್ನ ಒಂದ್ ಮಾತು ಕೇಳ್ತೀನಿ, ಯಾವ ಬಣ್ಣ ಅಂತ."

ಹಮೀದ್ ಅವನ ಕೈಯಿಂದ ಫೋನು ಕಸಿದು ತನ್ನ ಕಿಸೆಗೆ ಹಾಕಿಕೊಂಡ. "ಬನ್ನಿ ಮಾರ್ರೆ, ಮೊದಲು ಚಾ ಕುಡಿಯುವ."

ಚಾದಂಗಡಿಯಲ್ಲಿ ಹಾಲಿಲ್ಲದ ಸುಲೈಮಾನಿ ಚಾ ಬಂತು. ಹಮೀದ್ ಮೇಜಿನ ಮೇಲೆ ಸಾಮಾನು ಜೋಡಿಸಿದ.

"ನೋಡಿ ಅಮ್ಮ. ಈ ಗ್ಲಾಸು ಸಾಹೇಬ್ರು. ಈ ಬಿಸ್ಕೂಟು ಮಲ್ಲೇಶಣ್ಣ. ಈ ಸಕ್ಕರೆ ಡಬ್ಬಿ ಇವರನ್ನು ಕಾಯುವ ಎದುರಿನವ. ಡಬ್ಬಿ ಹತ್ತಿರ ಬಂದು ನಿಂತ್ರೆ ಬಿಸ್ಕೂಟು ಅದನ್ನು ದಾಟಿ ದೂರ ಓಡ್ಬೇಕು. ಡಬ್ಬಿ ದೂರ ನಿಂತ್ರೆ ಸ್ವಲ್ಪ ಓಡಿ ಟಕ್ಕಂತ ನಿಂತು ತಿರುಗ್ಬೇಕು. ಯಾವುದು ಅಂತ ಬಿಸ್ಕೂಟೇ ಓಡ್ತಾ ಓಡ್ತಾ ನಿಶ್ಚಯ ಮಾಡೂದು. ಸಾಹೇಬ್ರು ಸಹ ಅದೇ ಡಬ್ಬಿಯನ್ನು ನೋಡ್ತಾ ಇರ್ತಾರೆ. ಇಬ್ಬರಿಗೂ ಒಂದೇ ಕಂಡ್ರೆ ಆಯ್ತು. ಇವರು ತಿರುಗುವ ಮೊದಲೇ ಸಾಹೇಬ್ರು ಎಸೆದಾಗಿರ್ತದೆ."

"ತಿರುಗೂ ಮೊದಲ? ಯಾರಿಗೆ ಒಗೀತಾರ ಮತ್ತ?"

"ಯಾರೂ ಇಲ್ಲದ ಜಾಗಕ್ಕೆ. ಇವರು ಅಲ್ಲಿಗೆ ಬಂದಿರ್ಬೇಕು."

ನನಗೆ ನಂಬಿಕೆ ಬರಲಿಲ್ಲ. ಸುಗ್ಗಿಯಲ್ಲಿ ಜೋಳದ ಕಣಿಕೆಯ ಸೂಡನ್ನು ಬಣವೆಯ ಮೇಲಿದ್ದವನಿಗೆ ಎಸೆದವಳು ನಾನು. ಮೇಲೆ ಆಳು ಕಂಡರೆ ತಾನೆ ಎಸೆಯುವುದು? ಯಾರೂ ಇಲ್ಲದ ಕಡೆ ಎಸೆದರೆ ಆಚೆ ಬದಿಗೆ ಬಿದ್ದು ಹಾಳಾಗುತ್ತದೆ. ಹಾಗೆಂದು ಹೇಳಿದೆ.

"ಅಲ್ಲಿ ಮೇಲಿನವ ನಿಂತಲ್ಲೇ ನಿಂತಿರ್ತಾನೆ ಅಮ್ಮ, ಅಡ್ಡ ಬರ್ಲಿಕ್ಕೆ ಎದುರಾಳಿಯೂ ಇಲ್ಲ. ಇಲ್ಲಿ ಕಂಡ ಮೇಲೆ ಎಸೆದ್ರೆ ಡಬ್ಬಿ ಬಂದು ಮುಟ್ಟಿಯಾಯ್ತು. ಮಲ್ಲೇಶಣ್ಣನ ಕೈ ಸರಿ ಉಂಟು, ಕಾಲು ಸರಿ ಉಂಟು. ಆದ್ರೆ ಅರ್ಧ ದಾರಿಯಲ್ಲಿ ಹಿಂದೆ ನೋಡ್ತಾರೆ. ಹೋಗ್ಲಾ ಸರ್, ನಿಲ್ಲಲಾ ಸರ್ ಅಂತ. ಇವರು ನೋಡ್ತಾರೆ ಅಂತ ಸಾಹೇಬ್ರು ಕಾಯ್ತಾರೆ. ಸಾಹೇಬ್ರು ಕಾಯ್ತಾರೆ ಅಂತ ಇವರು ನೋಡ್ತಾರೆ."

"ಮತ್ತ ನಾನ ನಿಶ್ಚಯ ಮಾಡಿ ತಪ್ಪ ಕಡೀಗೆ ಓಡಿದ್ರ?" ಎಂದ ಮಲ್ಲೇಶಿ. "ಸಾಹೇಬರು ಬಯ್ಯಂಗಿಲ್ಲೇನು?"

"ಈಗೇನು ಮಾಲೆ ಹಾಕ್ತಾರಾ?"

ಮಲ್ಲೇಶಿ ಮೇಜಿನ ಮೇಲಿದ್ದ ಬಿಸ್ಕೂಟನ್ನು ಎತ್ತಿ ತಿಂದುಬಿಟ್ಟ. ಕೈಗವಸು ಕೊಳ್ಳದೆ ಮನೆಗೆ ಬಂದೆವು.

ಮತ್ತೆ ಆ ಬಯಲು

ಮುಂದಿನ ಶುಕ್ರವಾರ ನಾನು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಈಗ ಆಟ ನನಗೆ ಸ್ವಲ್ಪ ಗೊತ್ತು. ಗೊತ್ತಾದದ್ದೇ ತಪ್ಪಾಯಿತು. ಮಲ್ಲೇಶಿ ಓಡಿದ. ಅರ್ಧ ದಾರಿ ಆಯಿತು, ಕುತ್ತಿಗೆ ನೆಟ್ಟಗೇ ಇತ್ತು. ಇನ್ನೇನು ಹೊರಳಿಸುತ್ತಾನೆ ಎಂದು ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದೆ.

"ಮಲ್ಲ್ಯಾ! ಹಿಂದ ನೋಡಬ್ಯಾಡಲೇ!"

ಅವನು ಗಕ್ಕನೆ ನಿಂತು ಹಿಂದೆ ನೋಡಿದ. ಸಾಹೇಬನನ್ನಲ್ಲ, ನನ್ನನ್ನು. ಆ ದಿನ ಸಾಹೇಬ ಸರಿಯಾದ ಹೊತ್ತಿಗೆ ಎಸೆದಿದ್ದ. ಚೆಂಡು ಬಂದು ಇವನ ಕಿವಿಯ ಮೇಲೆ ಬಡಿಯಿತು. ಕೂತುಬಿಟ್ಟ.

ಹೊರಟು ನಿಂತವನನ್ನು ಹಿಂದಿನಿಂದ ಕರೆಯಬಾರದು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಹೇಳುವವಳು ನಾನೇ.

ಅಮೇರಿಕದ ಹೆಂಗಸರು ಬಾಯಿ ಮುಚ್ಚಿಕೊಂಡು ನಕ್ಕರು. ಸಾಹೇಬ ನಗಲಿಲ್ಲ. ಆಟ ಮುಗಿದ ಮೇಲೆ ಕಲ್ಲಂಗಡಿ ಕೊಯ್ದು ಎಲ್ಲರಿಗೂ ತಾನೇ ಹಂಚಿದ, ಇವನಿಗೂ ಹೋಳು ಕೊಟ್ಟ, ಕೊಡುತ್ತಲೇ ಏನೋ ಹೇಳಿದ. ಹಮೀದ್ ನನಗೆ ತಿಳಿಸಿದ. ಮುಂದಿನ ವಾರ ಮದೀನತ್ ಜಾಯೆದಿನಲ್ಲಿ ಆಟ. ಅಲ್ಲಿಯೂ ಹೀಗೆಯೇ ಆದರೆ ಇವನ ಜಾಗಕ್ಕೆ ಹೊಸದಾಗಿ ಬಂದ ಲೆಬನಾನಿನವನು ನಿಲ್ಲುತ್ತಾನೆ.

ಕಾರಿನಲ್ಲಿ ಮಲ್ಲೇಶಿಯ ಕಿವಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ಅಕ್ಕಾ, ಮುಂದಿನ ವಾರ ನೀ ಬರಬ್ಯಾಡ."

ಬೆಳೆಸಿದಾಗಿನಿಂದ ಅವನು ನನಗೆ ಬೇಡ ಎಂದದ್ದು ಅದೇ ಮೊದಲು. "ಬರ್ತೀನಿ. ಬಾಯಿ ಮುಚ್ಚಿಕೊಂಡು ಕೂಡ್ತೀನಿ" ಎಂದೆ.

"ನೀನು? ಬಾಯಿ ಮುಚ್ಚಿಕೊಂಡು?" ಎಂದು ಕಿವಿ ಹಿಡಿದುಕೊಂಡೇ ಮಲ್ಲೇಶಿ ನಕ್ಕ.

ಮದೀನತ್ ಜಾಯೆದ್

ಅಬುಧಾಬಿಯಿಂದ ಪಡುವಣಕ್ಕೆ ಹೋಗಬೇಕು. ದಾರಿಯುದ್ದಕ್ಕೂ ಮರಳು, ನಡುನಡುವೆ ಸಾಲು ಖರ್ಜೂರದ ಗಿಡ. ಒಂಟೆಗಳು ದಾರಿಯ ಬೇಲಿಯಾಚೆ ನಿಂತು ನಮ್ಮನ್ನು ನೋಡಿದವು. ಒಂಟೆಯ ಮೋರೆ ನಮ್ಮ ಓಣಿಯ ಪಾರಕ್ಕನಂತೆ, ಯಾರನ್ನು ನೋಡಿದರೂ ಮೆಚ್ಚಿಕೆ ಇಲ್ಲ. ಮದೀನತ್ ಜಾಯೆದ್ ಎಣ್ಣೆ ಬಾವಿಗಳ ಕೆಲಸದವರ ಊರು. ಎತ್ತರದ ಕಟ್ಟಡಗಳಿಲ್ಲ, ನನಗೆ ಹಿಡಿಸಿತು.

ಕಸ್ತೂರಿ ಒಂದು ಡಬ್ಬಿ ಖರ್ಜೂರ ಕೊಟ್ಟು ಕಳಿಸಿದ್ದಳು, ಬಾಯಿಗೆ ಕೆಲಸವಿರಲಿ ಎಂದು. ಆಟ ಶುರುವಾಗುತ್ತಲೇ ಒಂದು ಬಾಯಿಗೆ ಹಾಕಿಕೊಂಡೆ.

ಮಲ್ಲೇಶಿ ಓಡಿದ. ಹಿಂದೆ ನೋಡಲಿಲ್ಲ. ಎದುರಿನವನು ದೂರ ನಿಂತಿದ್ದ, ಅದನ್ನು ಕಂಡು ಇವನು ಟಕ್ಕನೆ ನಿಂತು ತಿರುಗಿದ. ಕೈ ಚಾಚಿದ. ಚೆಂಡಿಲ್ಲ. ಚೆಂಡು ಇನ್ನೂ ಸಾಹೇಬನ ಕೈಯಲ್ಲೇ ಇತ್ತು. ಇವನು ಹಿಂದೆ ನೋಡುತ್ತಾನೆ, ನೋಡಿದ ಮೇಲೆ ಎಸೆಯೋಣ ಎಂದು ಸಾಹೇಬ ಕಾದಿದ್ದಾನೆ. ಇವನ ಕುತ್ತಿಗೆಯ ರೂಢಿ ಅವನ ಕೈಗೂ ಹತ್ತಿಬಿಟ್ಟಿತ್ತು. ಅಷ್ಟರಲ್ಲಿ ಎದುರು ತಂಡದವನೊಬ್ಬ ನುಗ್ಗಿ ಬಂದು ಸಾಹೇಬನ ಸೊಂಟದ ಪಟ್ಟಿ ಕಿತ್ತ.

ಸಾಹೇಬ ಕಿರುಚಿದ. ಕಿರುಚಿದ್ದು ಮಲ್ಲೇಶಿಯ ಮೇಲೆ. ನನಗೆ ಇಂಗ್ಲಿಷ್ ಬರುವುದಿಲ್ಲ, ಬೈಗುಳ ಯಾವ ಭಾಷೆಯದಾದರೂ ಬರುತ್ತದೆ. ಬಾಯಲ್ಲಿ ಮತ್ತೊಂದು ಖರ್ಜೂರ ತುರುಕಿಕೊಂಡೆ.

ಮಲ್ಲೇಶಿ ಅವನ ಹತ್ತಿರ ಹೋಗಿ ನಿಂತ. ಕೈ ಮುಂದೆ ಕಟ್ಟಿತ್ತು. ತಲೆ ಕೆಳಗಿತ್ತು. ಇನ್ನು ಮುಗಿಯಿತು, ಲೆಬನಾನಿನವನು ಆಗಲೇ ಬೂಟು ಬಿಗಿದುಕೊಳ್ಳುತ್ತಿದ್ದ. ಸಾಹೇಬ ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಂತ. ಆಗ ಮಲ್ಲೇಶಿಯ ಕೈ ಬಿಚ್ಚಿತು. ಬಲಗೈ ಮೇಲೆದ್ದು, ಬೆರಳು ಬಯಲಿನ ಒಂದು ಜಾಗ ತೋರಿಸಿತು. ಅಲ್ಲಿ ಯಾರೂ ಇರಲಿಲ್ಲ. ಬಾಯಿ ಬಿಟ್ಟು ಏನೋ ಅಂದ. ಮೆಲ್ಲಗಲ್ಲ, ಎಲ್ಲರಿಗೂ ಕೇಳುವ ಹಾಗೆ.

ಲೆಬನಾನಿನವನ ಕೈ ಬೂಟಿನ ದಾರದ ಮೇಲೇ ನಿಂತಿತು.

"ಏನಂದ?" ಖರ್ಜೂರದ ಬಾಯಲ್ಲೇ ಹಮೀದನನ್ನು ತಿವಿದೆ.

"'ನನ್ನ ಮುಖ ಕಾಯಬೇಡಿ, ಸರ್. ಅಲ್ಲಿಗೆ ಎಸೀರಿ. ನಾನು ಅಲ್ಲಿರ್ತೇನೆ' ಅಂದ್ರು."





ಸಾಹೇಬ ಸೊಂಟದ ಮೇಲೆ ಕೈ ಇಟ್ಟು ಇವನನ್ನು ನೋಡಿದ. ಅವನ ಕೈಕೆಳಗೆ ದುಡಿಯುವವನ ಬಾಯಲ್ಲಿ ಹೀಗೆ ಮಾಡು ಎನ್ನುವ ಮಾತು ಕೇಳಿ ಅವನಿಗೂ ರೂಢಿ ಇರಲಿಕ್ಕಿಲ್ಲ. ಮಲ್ಲೇಶಿ ತಲೆ ಬಗ್ಗಿಸಲಿಲ್ಲ. ಕಡೆಗೆ ಸಾಹೇಬ ಲೆಬನಾನಿನವನ ಕಡೆ ಅಂಗೈ ತೋರಿಸಿದ, ಕೂಡು ಎಂದು. ಮತ್ತೆ ತಲೆಗೆ ತಲೆ ಹಚ್ಚಿ ಗುಸುಗುಸು ಮಾಡಿದರು.

ಮಲ್ಲೇಶಿ ಓಡಿದ. ಈ ಸಲ ಎದುರಿನವನು ಹತ್ತಿರವೇ ಬಂದು ನಿಂತಿದ್ದ. ಇವನು ನಿಲ್ಲಲಿಲ್ಲ, ಅವನನ್ನು ಸವರಿಕೊಂಡು ದಾಟಿದ. ಅದೇ ಹೊತ್ತಿಗೆ ಸಾಹೇಬ ಎಸೆದ. ಚೆಂಡು ನನ್ನ ತಲೆಯ ಮೇಲಿಂದ ಹೋಯಿತು. ಅದು ಹೋಗುತ್ತಿದ್ದ ಕಡೆ ನೋಡಿದೆ, ಬರೀ ಹುಲ್ಲು, ಒಂದು ನರಪಿಳ್ಳೆ ಇಲ್ಲ. ಕೂಗು ಗಂಟಲಿಗೆ ಬಂತು. ಖರ್ಜೂರದ ಬೀಜವೂ ಅಲ್ಲೇ ಇತ್ತು, ಎರಡೂ ಸಿಕ್ಕಿಹಾಕಿಕೊಂಡವು. ನಾನು ಕೆಮ್ಮುತ್ತಿರುವಾಗ ಹಮೀದ್ ನನ್ನ ಬೆನ್ನಿಗೆ ಗುದ್ದುತ್ತಿದ್ದ, ಗುದ್ದುತ್ತಲೇ ಕುಣಿಯುತ್ತಿದ್ದ. ತಲೆ ಎತ್ತಿದಾಗ ಮಲ್ಲೇಶಿ ಆ ಖಾಲಿ ಜಾಗದಲ್ಲಿ ಇದ್ದ. ಚೆಂಡು ಅವನ ಎದೆಯ ಮೇಲಿತ್ತು. ಹಿಡಿದದ್ದನ್ನು ನಾನು ನೋಡಲೇ ಇಲ್ಲ.

ಆಟ ಸೋತರು. ಉಳಿದವರು ಯಾರೂ ಓಡುವವರಲ್ಲ, ಹೊಟ್ಟೆಯ ಜನ. ಆದರೆ ಮರುವಾರಕ್ಕೂ ಅಂಚಿನಲ್ಲಿ ಮಲ್ಲೇಶಿಯೇ ಎಂದು ಸಾಹೇಬ ಹೇಳಿದನಂತೆ. ತಾನು ಎಸೆಯುವ ಮೊದಲು ಓಡುವಾಗ ನಿನಗೇನು ಕಂಡಿತು ಎಂದು ಇವನನ್ನು ಕೇಳಿದನಂತೆ ಕೂಡ.

ಹಮೀದ್ ವ್ಯಾನಿನಲ್ಲಿ ತಂಡದ ಜೊತೆ ಹೋದ. ನಾವಿಬ್ಬರೂ ಕಾರಿನಲ್ಲಿ ಹೊರಟೆವು. ಮಧ್ಯಾಹ್ನ ಮೀರಿತ್ತು, ಹಸಿವಾಗಿತ್ತು. ಊರಿನ ಅಂಚಿನಲ್ಲಿ ಸಾಲಾಗಿ ಊಟದ ಹೋಟೆಲುಗಳಿದ್ದವು. ಮಲ್ಲೇಶಿ ಕಾರನ್ನು ನಿಧಾನ ಮಾಡಿ ನನ್ನ ಕಡೆ ತಿರುಗಿದ.

"ಅಕ್ಕಾ, ಎಲ್ಲಿ ಉಣ್ಣೂಣು?"

ಒಂದು ಹೋಟೆಲಿನ ಮುಂದೆ ಜನ ಬಹಳ ಇದ್ದರು. ಜನವಿದ್ದಲ್ಲಿ ಅಡುಗೆ ಬಿಸಿ ಇರುತ್ತದೆ. ಇನ್ನೊಂದರ ಮುಂದೆ ನೊಣ ಕೂಡ ಇರಲಿಲ್ಲ. ಬಾಯಿಗೆ ಬಂದ ಮಾತು ತಡೆದೆ. ಡಬ್ಬಿಯಲ್ಲಿ ಉಳಿದ ಕಡೆಯ ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡೆ, ಕಿಟಕಿಯ ಹೊರಗೆ ನೋಡಿದೆ.

ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಮುಂದೆ ನೋಡಿದ. ಕಾರನ್ನು ಜನವಿಲ್ಲದ ಹೋಟೆಲಿನ ಮುಂದೆ ತಂದು ನಿಲ್ಲಿಸಿದ.

ಅನ್ನ ಅರ್ಧ ಬೆಂದಿತ್ತು. ಬೇಳೆಯಲ್ಲಿ ಉಪ್ಪಿರಲಿಲ್ಲ. ಚಪಾತಿ ಕಾರಿನ ಟೈರಿನಂತಿತ್ತು. ಚಟ್ನಿಪುಡಿಯ ಡಬ್ಬಿ ಅಬುಧಾಬಿಯಲ್ಲೇ ಉಳಿದಿತ್ತು.

"ಹ್ಯಾಂಗೈತಿ?" ಎಂದು ಕೇಳಿದ.

ನಾನು ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡೆ. ಏನೂ ಅನ್ನಲಿಲ್ಲ.